ಮಾಸ್ತರರಿಗೆ ಬಿದ್ದ ಫರಕು

ಮುರಗೆಪ್ಪ ಮಾಸ್ತರರ ಮಾತನ್ನು ಅವರ ಬಲಗೈ ಕೇಳುವುದನ್ನು ಬಿಟ್ಟು ಮೂರು ವರ್ಷವಾಗಿತ್ತು. ಐನಾಪುರದ ಕನ್ನಡ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ, ಮಾತು ಕೇಳದ ಕೈಗಳಿಗೆಲ್ಲ ಛಡಿಯಿಂದ ಬುದ್ಧಿ ಹೇಳಿದ ಮನುಷ್ಯನಿಗೆ ಈ ಒಂದು ಕೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಹೊಡೆಯಬೇಕೆಂದರೆ ಎಡಗೈಯಿಂದ ಹೊಡೆಯಬೇಕು. ಆ ಎಡಗೈಯೂ ಈಚೆಗೆ ಬಲಗೈಯ ಸಹವಾಸದಿಂದ ಕೆಡತೊಡಗಿತ್ತು.

ಮಿರಜದ ಡಾಕ್ಟರರು ಚೀಟಿಯಲ್ಲಿ ರೋಗದ ಹೆಸರನ್ನು ಪಾರ್ಕಿನ್ಸನ್ ಎಂದು ಬರೆದರು. ಮಾಸ್ತರರು ಅದನ್ನು ಕಂಪವಾತ ಎಂದು ತರ್ಜುಮೆ ಮಾಡಿಕೊಂಡರು. ಅವರ ಹೆಂಡತಿ ಕಾಳವ್ವ ಪಾರ್ಕಿಂಗ್ ಅಂದಳು. ಮೂವರಲ್ಲಿ ರೋಗದ ಗುಣವನ್ನು ಸರಿಯಾಗಿ ಹಿಡಿದವಳು ಅವಳೇ. ಹೊಸ್ತಿಲು ಕಂಡರೆ ಸಾಕು, ಮಾಸ್ತರರ ಕಾಲು ನೆಲಕ್ಕೆ ಹತ್ತಿಕೊಂಡು ನಿಂತುಬಿಡುತ್ತಿದ್ದವು. ಹಿಂದೆ ಬಂದವರೂ ನಿಲ್ಲಬೇಕು, ಮುಂದಿನಿಂದ ಬಂದವರೂ ನಿಲ್ಲಬೇಕು. ಆಗ ಕಾಳವ್ವ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಕೂಗುವಳು:

"ಎಡಾ... ಬಲಾ... ಎಡಾ... ಬಲಾ..."

ಪಂದ್ರಾ ಆಗಸ್ಟಿನ, ಅಂದರೆ ಸ್ವಾತಂತ್ರ್ಯ ದಿನದ, ಕವಾಯತಿನಲ್ಲಿ ಮಾಸ್ತರರು ಹುಡುಗರಿಗೆ ಹೇಳುತ್ತಿದ್ದ ತಾಳ ಅದು. ಆ ತಾಳಕ್ಕೆ ಕಾಲು ಏಳುತ್ತಿದ್ದವು. ಮಾಸ್ತರರು ಕವಾಯತು ಮಾಡುತ್ತ ಪಾಯಖಾನೆಗೆ ಹೋಗಿಬರುತ್ತಿದ್ದರು.

ಡಾಕ್ಟರರು ಕೊಟ್ಟ ಗುಳಿಗೆ ದಿನಕ್ಕೆ ಮೂರು. ತೆಗೆದುಕೊಂಡ ಅರ್ಧ ತಾಸಿಗೆ ಕೈ ಸುಮ್ಮನಾಗುತ್ತಿತ್ತು, ಕೆಲವು ತಾಸು ಮನುಷ್ಯನ ಕೈಯಂತೆ ಇರುತ್ತಿತ್ತು. ಆದರೆ ಡಾಕ್ಟರರು ಒಂದು ಮಾತು ಹೇಳಿ ಕೆಡಿಸಿದ್ದರು: "ಇದು ಪೂರಾ ಗುಣ ಆಗೂದಲ್ಲ ಮಾಸ್ತರ. ಗುಳಿಗಿ ಹಿಡದ ಇಡತೈತಿ ಅಷ್ಟ." ಪಾಸಾಗುವ ಆಸೆಯೇ ಇಲ್ಲದೆ ಅದೇ ಇಯತ್ತೆಯಲ್ಲಿ ಕೂರಿಸುವ ಔಷಧ ಇದೆಂಥದು ಎಂದು ಮಾಸ್ತರರಿಗೆ ಅಪಮಾನವಾಯಿತು.

ಎಲ್ಲಕ್ಕಿಂತ ಹೆಚ್ಚಿನ ಅಪಮಾನ ಸಹಿಯದು. ಅದನ್ನು ತಿಳಿಯಬೇಕಾದರೆ ಮೂವತ್ತು ವರ್ಷ ಹಿಂದಿನ ಒಂದು ಸಂಗತಿ ಹೇಳಬೇಕು.

ಆಗ ಊರೂರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಕೆಲಸ ನಡೆದಿತ್ತು. ಮುರಗೆಪ್ಪ ಮಾಸ್ತರರು ಊರ ಮುಂದೆ ನಿಂತು, "ಈ ಊರಾಗ ಹೆಬ್ಬಟ್ಟು ಒತ್ತಾಂವ ಒಬ್ಬ ಉಳೀಬಾರದು" ಎಂದು ಪಣ ತೊಟ್ಟರು. ಸಂಜೆ ವರ್ಗದ ಮೊದಲನೆಯ ದಿನ, ಸಹಿ ಎಂದರೇನೆಂದು ತೋರಿಸಲು ಹಲಗೆಯ ಮೇಲೆ ತಮ್ಮ ಹೆಸರನ್ನೇ ಬರೆದರು. ಅವರ ಸಹಿ ನೋಡುವಂಥದು. 'ಮು' ಪೇಟ ಸುತ್ತಿದ ಗೌಡನಂತೆ ಕೂತಿರುತ್ತಿತ್ತು. ಕೊನೆಯ 'ಪ್ಪ'ದ ಒತ್ತು ಅಲ್ಲಿಗೇ ನಿಲ್ಲದೆ, ಹಿಂದಕ್ಕೆ ಹೊರಳಿ, ಇಡೀ ಹೆಸರಿನ ಕೆಳಗೆ ಹಾವಿನ ಹಾಗೆ ಹರಿದು, 'ಮು'ವಿನ ಕಾಲಿಗೆ ಬಂದು ಮುಟ್ಟುತ್ತಿತ್ತು. "ನೋಡ್ರಿ, ಸಹಿ ಅಂದ್ರ ಇದು. ಇದನ್ನ ತಿದ್ರಿ" ಅಂದರು.

ಮಂದಿ ತಿದ್ದಿದರು. ಮೂರು ತಿಂಗಳ ಮೇಲೆ ಅಥಣಿಯಿಂದ ಸಾಹೇಬರು ಪರೀಕ್ಷೆಗೆ ಬಂದು "ಎಲ್ಲಾರೂ ಸಹಿ ಮಾಡ್ರಿ" ಅಂದಾಗ, ಮುಂದಿನ ಸಾಲಿನ ಹನ್ನೊಂದು ಮಂದಿ, ಅವರಲ್ಲಿ ಏಳು ಹೆಂಗಸರು, ಒಂದೇ ಅಚ್ಚಿನಲ್ಲಿ ಮುರಗೆಪ್ಪ ಎಂದು ಬರೆದುಕೊಟ್ಟರು.

"ಮಾಸ್ತರ, ನಿಮ್ಮ ಊರಾಗ ಹೆಂಗಸರಿಗೂ ಇದ ಹೆಸರ ಇಡತಾರೇನ್ರಿ?" ಅಂದರು ಸಾಹೇಬರು.

ಮಾಸ್ತರರು ಹಣೆ ಬಡಿದುಕೊಂಡರು. ಹನ್ನೊಂದರಲ್ಲಿ ಒಬ್ಬಳು, ಆಗಷ್ಟೇ ಮದುವೆಯಾಗಿ ಊರಿಗೆ ಬಂದಿದ್ದ, ಕಬ್ಬು ಕಡಿಯಲು ಹೋಗುವ ಶೇವಂತಾ, ಎದ್ದು ನಿಂತು ಹೇಳಿದಳು: "ನಮ್ಮ ತಪ್ಪೇನ್ರಿ? ಸಹಿ ಅಂದ್ರ ಇದು ಅಂತ ಮಾಸ್ತರ್ರ ಹೇಳ್ಯಾರ. ಅವ್ರ ಹೇಳಿದ ಮ್ಯಾಲ ಮುಗೀತ್ರಿ."

ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿ ಅವರವರ ಹೆಸರು ಕಲಿಸಿ, ಊರಿನ ಹೆಬ್ಬೆರಳುಗಳಿಂದ ಮಸಿ ಅಳಿಸಿದ ಮೇಲೆಯೇ ಮಾಸ್ತರರು ನಿದ್ದೆ ಮಾಡಿದ್ದು.

ಅಂಥ ಮಾಸ್ತರರ ಸಹಿ ಈಗ 'ಮು'ವಿನಲ್ಲಿ ಇಲಿಯಷ್ಟಿದ್ದು, 'ಗೆ'ಗೆ ಬರುವಷ್ಟರಲ್ಲಿ ಇರುವೆಯಾಗಿ, 'ಪ್ಪ' ಇದೆಯೋ ಇಲ್ಲವೋ ಎಂದು ಬೆಳಕಿಗೆ ಹಿಡಿದು ನೋಡಬೇಕಾಗಿತ್ತು. ಇವತ್ತಲ್ಲ ನಾಳೆ ಯಾರಾದರೂ "ಹೆಬ್ಬಟ್ಟು ಕೊಡ್ರಿ" ಅಂದಾರು ಎಂಬ ಒಂದೇ ಭಯದಲ್ಲಿ ಅವರು ದಿನಾ ಮುಂಜಾನೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಸಹಿ ತಿದ್ದುತ್ತಿದ್ದರು. ಕ್ಯಾಲೆಂಡರಿನ ಹನ್ನೆರಡೂ ತಿಂಗಳ ಬೆನ್ನಿನ ಮೇಲೆ ಇರುವೆಗಳು ಹರಿದಾಡಿದಂತಿತ್ತು.

ಇಂಥ ಹೊತ್ತಿನಲ್ಲಿ, ದಸರೆಯ ಮುನ್ನಾದಿನ, ಅಕ್ಕನ ಮಗ ದುಂಡೇಶ ಬನ್ನಿ ಕೊಡಲು ಒಂದು ದಿನ ಮೊದಲೇ ಬಂದ. ಕಾಗವಾಡದಲ್ಲಿ ಅವನದು ಔಷಧದ ಅಂಗಡಿ. ಇಷ್ಟು ದಿನ ದ್ರಾಕ್ಷಿಗೆ ಹೊಡೆಯುವ ಔಷಧ ಮಾರುತ್ತಿದ್ದವನು, ದ್ರಾಕ್ಷಿಗಿಂತ ಮನುಷ್ಯರಿಗೆ ರೋಗ ಜಾಸ್ತಿ ಎಂದು ಕಂಡುಕೊಂಡು ಈಚೆಗೆ ಅವರ ಔಷಧವನ್ನೂ ಇಟ್ಟಿದ್ದ.

"ಮಾಮಾ, ಸ್ಥಿರಹಸ್ತ ಚೂರ್ಣ," ಎಂದು ಡಬ್ಬಿ ಇಟ್ಟ. "ಪೂರಾ ಗಿಡಮೂಲಿಕಿ. ನಸಗುನ್ನಿ ಬೀಜ ಮುಖ್ಯ."

"ನಸಗುನ್ನಿ?" ಕಾಳವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಹೊಲದ ಬದುವಿನ್ಯಾಗ ಮೈಗೆ ಹತ್ತಿದ್ರ ಮೂರ ದಿವಸ ಕೆರಕೋತ ಕುಂದರೂದು, ಅದನ್ನ ತಿನ್ನಸ್ತಿ ಏನೋ?"

"ಅತ್ತಿ, ಕೆರತ ಇರೂದು ಕಾಯಿ ಮ್ಯಾಲಿನ ಕೂದಲದಾಗ. ಬೀಜ ಅಂದ್ರ ಅಮೃತ. ಮಾಮಾ, ಒಂದ ಮಾತು. ಇಂಗ್ಲೀಷ ಗುಳಿಗಿ ಬಂದ್ ಮಾಡಬೇಕು. ಎರಡಕ್ಕೂ ಕೂಡಿ ಬರೂದಿಲ್ಲ."

"ಮಿರಜಕ್ಕ ಹೋಗಿ ಡಾಕ್ಟರ್ನ ಒಂದ ಮಾತ ಕೇಳೂಣು," ಅಂದಳು ಕಾಳವ್ವ.

"ಹೊಲದ ಗಿಡಕ್ಕ ಡಾಕ್ಟರ್ನ ಏನ ಕೇಳತಿ?" ಅಂದರು ಮಾಸ್ತರರು. "ಆಂವ ಗುಣ ಆಗೂದಿಲ್ಲ ಅಂತ ಮೊದಲ ಬರದ ಕೊಟ್ಟಾನ. ಆ ಗುಳಿಗಿ ಎಲ್ಲಾ ಒಯ್ದು ತಿಪ್ಪಿಗೆ ಒಗಿ."

"ಹೂಂ," ಎಂದು ಕಾಳವ್ವ ಗುಳಿಗೆಯ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು. ನಲವತ್ತೊಂದು ವರ್ಷದ ಸಂಸಾರದಲ್ಲಿ ಕಾಳವ್ವ ಹೂಂ ಅಂದದ್ದಕ್ಕೂ ಮಾಡಿದ್ದಕ್ಕೂ ತಾಳೆ ನೋಡುವ ಕೆಲಸವನ್ನು ಮಾಸ್ತರರು ಒಮ್ಮೆಯೂ ಮಾಡಿರಲಿಲ್ಲ.

ಮರುದಿನದಿಂದ ಚೂರ್ಣ ಸುರುವಾಯಿತು. ಮೂರು ಹೊತ್ತು ಜೇನುತುಪ್ಪದಲ್ಲಿ ಕಲಸಿ ಕಾಳವ್ವನೇ ಕೊಡುತ್ತಿದ್ದಳು. ರುಚಿ ಕಹಿ, ಬಣ್ಣ ಕೆಸರು. "ನಾನ ಕಲಸ್ಕೋತೀನಿ ಕೊಡು" ಎಂದರೆ, "ನಡಗೂ ಕೈಲೆ ಚೆಲ್ಲತೀರಿ" ಎಂದು ಗದರಿಸುತ್ತಿದ್ದಳು.

ಈಗ ಊರು ಸುಮ್ಮನಿದ್ದೀತೆ? ನಮ್ಮ ಕಡೆ ಔಷಧ ತೆಗೆದುಕೊಂಡವನನ್ನು ಕೇಳುವ ಪ್ರಶ್ನೆ ಒಂದೇ: "ಫರಕ ಐತೇನ್ರಿ?" ನಿಘಂಟಿನಲ್ಲಿ ಫರಕು ಅಂದರೆ ವ್ಯತ್ಯಾಸ, ಅಷ್ಟೇ. ಆದರೆ ರೋಗಿಯ ಮನೆಯಲ್ಲಿ ಅದಕ್ಕೆ ಗುಣ ಎಂದೇ ಅರ್ಥ. ಫರಕು ಕೆಡುಕಿನ ಕಡೆಗೂ ಬೀಳಬಹುದೆಂದು ಈ ಸೀಮೆಯಲ್ಲಿ ಯಾರಿಗೂ ಹೊಳೆದಿಲ್ಲ. ಹಾಲು ಹಾಕುವವನು ಕೇಳಿದ, ಕಟಿಂಗ್ ಮಾಡುವವನು ಕೇಳಿದ, ಮಠದ ಅಯ್ಯನವರು ಫೋನು ಮಾಡಿ ಕೇಳಿದರು. ಮಾಸ್ತರರು, "ಐತಿ ಅಂತ ಅನಸತೈತಿ," ಎನ್ನುತ್ತಿದ್ದರು. ಅನಿಸುವುದಕ್ಕೆ ಮಾರ್ಕು ಕೊಡುವ ಜಾತಿಯವರಲ್ಲ ಅವರು. ಹೊರಗಿನ ಪರೀಕ್ಷಕರೊಬ್ಬರು ಬಂದು ಫರಕು ಐತಿ ಎನ್ನಬೇಕಿತ್ತು.

ಪರೀಕ್ಷಕರು ನವೆಂಬರಿನಲ್ಲಿ ಸಿಕ್ಕರು.

ಪೆನ್ಶನ್ ತೆಗೆದುಕೊಳ್ಳುವವರು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ತಾವಿನ್ನೂ ಸತ್ತಿಲ್ಲ ಎಂದು ಬ್ಯಾಂಕಿಗೆ ಬರೆದುಕೊಡಬೇಕು. ಈ ಕಡೆ ಅದಕ್ಕೆ ಹಯಾತ ದಾಖಲೆ ಎನ್ನುತ್ತಾರೆ. ಮಾಸ್ತರರು ಮಗ ಸಂಜಯನ ಬೈಕಿನ ಹಿಂದೆ ಕೂತು ಬ್ಯಾಂಕಿಗೆ ಹೋದರು. ಸಂಜಯ ದ್ರಾಕ್ಷಿ ತೋಟಕ್ಕೆ ಔಷಧ ಹೊಡೆಸುವುದಿದೆ ಎಂದು ಅವರನ್ನು ಬಾಗಿಲಲ್ಲಿ ಇಳಿಸಿ ಹೋದ.

ಬ್ಯಾಂಕಿನಲ್ಲಿ ಪ್ರಾಜಕ್ತಾ ಎಂಬ ಹೊಸ ಅಧಿಕಾರಿ ಇದ್ದಳು. ಸಾಂಗಲಿ ಕಡೆಯವಳು. ಕನ್ನಡ ಕಲಿಯುತ್ತಿದ್ದಳು, ಸಿಕ್ಕ ಶಬ್ದಗಳನ್ನು ಮರಾಠಿಯ ದಾರಕ್ಕೆ ಪೋಣಿಸಿ ಕೆಲಸ ಸಾಗಿಸುತ್ತಿದ್ದಳು. ಮಾಸ್ತರರು ಉಸಿರು ಬಿಗಿಹಿಡಿದು ಸಹಿ ಮಾಡಿದರು. ಅವಳು ಕಾಗದ ನೋಡಿದಳು, ಕಂಪ್ಯೂಟರಿನಲ್ಲಿದ್ದ ಹಳೆಯ ಸಹಿ ನೋಡಿದಳು, ಮತ್ತೆ ಕಾಗದ ನೋಡಿದಳು.

"ಗುರುಜಿ," ಅಂದಳು, "ಭಾಳ ಫರಕ ಆಹೆ."

ಮಾಸ್ತರರ ಕಿವಿ ನೆಟ್ಟಗಾಯಿತು. "ಏನಂದ್ರಿ?"

"ಫರಕ, ಫರಕ! ಮೊದಲಿನಕಿಂತ ಭಾಳ ಫರಕ ಐತಿ!"

"ಬಾಯಾರ, ಇನ್ನೊಮ್ಮಿ ಜೋರಲೆ ಹೇಳ್ರಿ. ಹಿಂದಿನವ್ರಿಗೆ ಕೇಳಿಸಿಲ್ಲ."

ಮುದುಕನಿಗೆ ಕಿವಿ ಮಂದ ಎಂದುಕೊಂಡು ಪ್ರಾಜಕ್ತಾ ಎದ್ದು ನಿಂತು ಕೂಗಿದಳು: "ಖೂಪ್ ಫರಕ ಐತಿ ಗುರುಜಿ! ಖೂಪ್!"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾಸ್ತರರ ಕಣ್ಣಲ್ಲಿ ನೀರು ಬಂತು. "ನಾ ಹೇಳಿದ್ರ ಯಾರೂ ನಂಬಲಿಲ್ಲ ಬಾಯಾರ. ಸರಕಾರಿ ಮನಷ್ಯಾರ ಬಾಯಿಂದ ಬರಬೇಕಾಗಿತ್ತು. ಬಂತು."

"ಉದ್ಯಾ ಯಾ, ನಾಳಿ ಬರ್ರಿ, ಮತ್ತ ನೋಡೂಣು," ಅಂದಳು ಅವಳು.

"ನಾಳಿ ಯಾಕ್ರಿ? ಇನ್ನೂ ಫರಕ ಬೀಳಲಿ, ತಿಂಗಳ ಬಿಟ್ಟ ಬರತೀನಿ," ಎಂದು ಕೈಮುಗಿದು ಮಾಸ್ತರರು ಹೊರಟೇಬಿಟ್ಟರು. ಅವರ ಹಯಾತ ದಾಖಲೆಯ ಕಾಗದ ಪ್ರಾಜಕ್ತಾಳ ಕೈಯಲ್ಲಿ ಹಾಗೇ ಉಳಿಯಿತು.

ಸಂಜೆಯೊಳಗೆ ಸುದ್ದಿ ಕಾಗವಾಡ ಮುಟ್ಟಿತು. ಮರುದಿನ ದುಂಡೇಶ ಮೊಬೈಲು, ಹೂವಿನ ಹಾರ, ಮತ್ತು 'ಪೇಶಂಟ ಅನುಭವ' ಎಂದು ಬರೆದ ರಟ್ಟು ಹಿಡಿದುಕೊಂಡು ಬಂದ. "ಮಾಮಾ, ಅನುಭವ ಹೇಳ್ರಿ."

ಮಾಸ್ತರರಿಗೆ ಮಾತಾಡು ಎಂದು ಯಾರೂ ಹೇಳದೆ ಎಂಟು ವರ್ಷವಾಗಿತ್ತು. ಅವರು ತಮ್ಮ ಜನನದಿಂದ ಸುರು ಮಾಡಿ ನಲವತ್ತು ನಿಮಿಷ ಅನುಭವ ಹೇಳಿದರು. ದುಂಡೇಶ ಅದನ್ನು ಕತ್ತರಿಸಿ ಒಂದು ನಿಮಿಷಕ್ಕೆ ತಂದ. ಉಳಿದದ್ದು ಇಷ್ಟು: "ನಾನು ಮುರಗೆಪ್ಪ, ನಿವೃತ್ತ ಶಿಕ್ಷಕ. ಗುಳಿಗಿ ಬಿಟ್ಟೆ. ಭಾಳ ಫರಕ ಐತಿ. ಬ್ಯಾಂಕಿನ ಅಧಿಕಾರಿಗಳ ಹೇಳ್ಯಾರ." ವಿಡಿಯೋದಲ್ಲಿ ಮಾಸ್ತರರ ಕುತ್ತಿಗೆ ತಾನಾಗಿಯೇ ಅತ್ತಿತ್ತ ತೂಗುತ್ತಿತ್ತು, ಒಂದು ಕಾಲು ಕುರ್ಚಿಯ ಕೆಳಗೆ ಕುಣಿಯುತ್ತಿತ್ತು. ಮೊದಲು ಹಾಗಿರಲಿಲ್ಲ. ಔಷಧ ಮೈಯಲ್ಲಿ ಹೆಚ್ಚಾದರೆ ಹಾಗಾಗುತ್ತದೆಂದು ಮಿರಜದ ಡಾಕ್ಟರರಾದರೆ ಹೇಳುತ್ತಿದ್ದರು. ನೋಡಿದ ಮಂದಿ ಮಾತ್ರ, "ಮುದುಕ ಎಷ್ಟ ಚುರುಕ ಆಗ್ಯಾನ ನೋಡಲೇ," ಅಂದರು.

ವಿಡಿಯೋ ನಿಪ್ಪಾಣಿಗೆ ಹೋಯಿತು, ರಾಯಬಾಗಕ್ಕೆ ಹೋಯಿತು, ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಕೂತವರು ನೋಡಿದರು. ಮನೆಗೆ ಮಂದಿ ಬರತೊಡಗಿದರು. ನಡುಗುವವರನ್ನು ನಡುಗದವರು ಕರೆದುಕೊಂಡು ಬರುತ್ತಿದ್ದರು. ಬೋರಗಾಂವದ ಮಗ್ಗದ ಮಾಲೀಕ ಕಾಡಸಿದ್ದ ಎಂಬವನು ಅಪ್ಪನನ್ನು ಕೂರಿಸಿ, "ಮಾತ ಸಾಕ್ರಿ ಮಾಸ್ತರ, ಚಾದ ಬಸಿ ಎತ್ತಿ ತೋರಸ್ರಿ," ಎಂದ. ಮಾಸ್ತರರು ಬಸಿ ಎತ್ತಿದರು. ಕಾಳವ್ವ ಅದರಲ್ಲಿ ಮೂರು ಗುಟುಕು ಚಹ ಮಾತ್ರ ಹಾಕಿದ್ದಳು. ಬಸಿ ತುಟಿ ಮುಟ್ಟಿತು. ಮಂದಿ ಚಪ್ಪಾಳೆ ಹೊಡೆದರು. ಕಾಡಸಿದ್ದನ ಅಪ್ಪ ಅತ್ತುಬಿಟ್ಟ.

ಕಾಳವ್ವ ಒಂದೇ ಒಂದು ಕಾಯಿದೆ ಮಾಡಿದ್ದಳು. "ಬರೂವ್ರ ಹತ್ತಕ್ಕ ಬರ್ಲಿ, ಹನ್ನೆರಡರೊಳಗ ಹೋಗ್ಲಿ."

"ಯಾಕ ಬೇ?" ಅಂದ ಸಂಜಯ.

"ನನಗ ಅಡಗಿ ಮಾಡೂದ ಇರತೈತಿ."

ಒಮ್ಮೆ ರಾಯಬಾಗದ ಮುದುಕಿಯೊಬ್ಬಳು ಬಸ್ಸು ತಪ್ಪಿ ಮೂರೂವರೆಗೆ ಬಂದಳು. ಮಾಸ್ತರರ ಕೈ ಒಣಗಿದ ಜೋಳದ ದಂಟಿನಂತೆ ಅಲುಗುತ್ತಿತ್ತು. "ಇದೇನ್ರಿ?" ಅಂದಳು. ಅಲ್ಲೇ ಇದ್ದ ದುಂಡೇಶ ಹೇಳಿದ: "ಆಯಿ, ಇದು ರೋಗದ ನಡುಕ ಅಲ್ಲ. ರೋಗ ಹೊರಗ ಹೋಗೂ ನಡುಕ." ಮುದುಕಿ ಎರಡು ಡಬ್ಬಿ ಒಯ್ದಳು.

ಶೇವಂತಾ ಬಂದದ್ದು ಡಿಸೆಂಬರಿನ ಒಂದು ಮುಂಜಾನೆ. ಅವತ್ತು ಕಾಳವ್ವ ತಂಗಿಯ ಮೊಮ್ಮಗಳ ಹೆಸರಿಡುವುದಕ್ಕೆಂದು ಚಿಕ್ಕೋಡಿಗೆ ಹೋಗಿದ್ದಳು. ಹೋಗುವಾಗ ಎರಡು ಹೊತ್ತಿನ ಚೂರ್ಣ ಕಲಸಿ, ಬಟ್ಟಲಿಗೆ ತಾಟು ಮುಚ್ಚಿ ಇಟ್ಟಿದ್ದಳು. ಶೇವಂತಾಳಿಗೆ ಈಗ ಐವತ್ತು ದಾಟಿತ್ತು. ಗಂಡ ಮಾಯಪ್ಪ ಪಂಚಾಯಿತಿಯ ವಾಟರಮನ್ ಆಗಿದ್ದವನು. ಇಡೀ ಊರಿಗೆ ನೀರು ಬಿಟ್ಟ ಅವನ ಕೈ ಎರಡು ವರ್ಷದಿಂದ ಮಾಸ್ತರರ ಕೈಯ ಹಾಗೆಯೇ ನಡುಗುತ್ತಿತ್ತು. ಅದೇ ರೋಗ, ಅದೇ ಡಾಕ್ಟರು, ಅದೇ ಗುಳಿಗೆ.

"ಮಾಸ್ತರ್ರ, ಓಣ್ಯಾಗಿನ ಹುಡುಗ್ರು ನಿಮ್ಮ ವಿಡಿಯೋ ತೋರಿಸಿದ್ವು," ಎಂದು ಶೇವಂತಾ ಕಟ್ಟೆಯ ಕೆಳಗೇ ನಿಂತಳು. "ಖರೇನ ಗುಳಿಗಿ ಬಿಟ್ಟೀರೇನ್ರಿ?"

"ಬಿಟ್ಟ ಎರಡೂವರಿ ತಿಂಗಳಾತು."

"ಫರಕ ಐತ್ರಿ?"

ಮಾಸ್ತರರು ಉತ್ತರ ಕೊಡುವ ಬದಲು ಪೆನ್ನು ತೆಗೆದು ಕ್ಯಾಲೆಂಡರಿನ ಹಿಂದೆ ಸಹಿ ಮಾಡಿ ತೋರಿಸಿದರು. ಶೇವಂತಾ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು.

"ಇದು ಸಣ್ಣದ ಐತೆಲ್ರಿ. ಇದರ ಬಾಲಾ ಎಲ್ಲೆ ಹೋತ್ರಿ?"

"ಬರತೈತಿ, ಸಾವಕಾಶ ಬರತೈತಿ. ಬ್ಯಾಂಕಿನ ಸಾಹೇಬರ ಫರಕ ಐತಿ ಅಂದ್ರ, ನೀ ನನಗ ಸಹಿ ಕಲಸತಿ ಏನು?"

ಶೇವಂತಾ ನಕ್ಕಳು. "ಇಲ್ರಿ ಮಾಸ್ತರ್ರ. ನೀವು ಹೇಳಿದ ಮ್ಯಾಲ ಮುಗೀತ್ರಿ." ಸೆರಗಿನಲ್ಲಿ ಒಂದು ಡಬ್ಬಿ ಕಟ್ಟಿಕೊಂಡು ಹೋದಳು.

ಸಂಕ್ರಾಂತಿ ಕಳೆದು ನಾಲ್ಕನೆಯ ದಿನ ಸಂಜಯ ತೋಟದಿಂದ ಬಂದವನು ಚಪ್ಪಲಿ ಬಿಡದೆ ನಿಂತ.

"ವಾಟರಮನ್ ಮಾಯಪ್ಪ ಬಿದ್ದಾನ. ನೀರಿನ ಟಾಕಿ ಕೆಳಗ. ಎಂಟ ದಿವಸದಿಂದ ಮೈ ಕಟಗಿ ಆಗಿತ್ತಂತ, ತುತ್ತ ನುಂಗಾಕ ಆಗ್ತಿರಲಿಲ್ಲಂತ. ಹಂತಾದ್ರಾಗ ಇವತ್ತ ಎದ್ದ ನೀರ ಬಿಡತೀನಿ ಅಂತ ಹೊಂಟಾನ. ಟೊಂಕದ ಎಲವ ಮುರದೈತಿ. ಮಿರಜಕ್ಕ ಒಯ್ದಾರ."

ಕಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಆಂವ ಗುಳಿಗಿ ತಗೋತಿದ್ನೆಲ್ಲೊ?"

"ಬಿಟ್ಟಿದ್ನಂತ." ಸಂಜಯ ಅಪ್ಪನ ಕಡೆ ನೋಡಲಿಲ್ಲ. "ಅಪ್ಪಾ ಬಿಡಂದ್ರಂತ."

ಹೆಂಚಿನ ಮೇಲಿದ್ದ ರೊಟ್ಟಿ ಸೀಯಿತು. ಕಾಳವ್ವ ಅದನ್ನು ತೆಗೆಯಲಿಲ್ಲ. ಎದ್ದು ಒಳಗೆ ಹೋಗಿ, ಜೋಳದ ಹಿಟ್ಟಿನ ಡಬ್ಬಿಯ ಹಿಂದಿನಿಂದ ಒಂದು ಸಣ್ಣ ಕುಟ್ಟಾಣಿ, ಒಂದು ಗುಳಿಗೆಯ ಡಬ್ಬಿ ತಂದು ಮಾಸ್ತರರ ಮುಂದೆ ಇಟ್ಟಳು. ಕುಟ್ಟಾಣಿಯ ತಳದಲ್ಲಿ ಹಳದಿ ಪುಡಿ ಹತ್ತಿಕೊಂಡಿತ್ತು.

"ನೀವು ಗುಳಿಗಿ ಬಿಟ್ಟಿಲ್ಲ," ಅಂದಳು.

ಮಾಸ್ತರರಿಗೆ ಮೊದಲು ತಿಳಿಯಲಿಲ್ಲ.

"ದಿನಾ ಮೂರ ಹೊತ್ತ ಕುಟ್ಟಿ ಚೂರ್ಣದಾಗ ಕಲಸೇನಿ. ಹೇಳಿದ್ರ ನೀವು ಕೇಳತಿದ್ದಿಲ್ಲ. ಹತ್ತರಿಂದ ಹನ್ನೆರಡ ಅಂದದ್ದು ಅದಕ್ಕ. ಆವಾಗ ಗುಳಿಗಿ ಮೈಯಾಗ ಇರತೈತಿ."

"ಹಂಗಾರ," ಎಂದರು ಮಾಸ್ತರರು, "ಫರಕ?"

"ಎಲ್ಲಿ ಫರಕ? ನಿಮಗ ನಾ ಇದ್ದೆ, ಮಾಯಪ್ಪಗ ಶೇವಂತಾ ಇದ್ಲು. ನಾ ನಿಮ್ಮ ಮಾತ ನಂಬಲಿಲ್ಲ, ಅಕಿ ನಂಬಿದ್ಲು. ಅಷ್ಟ ಫರಕ."

ಮಾಸ್ತರರು ಎದ್ದರು. ಹೊರಗೆ ಹೋಗಬೇಕೆಂದು ಹೊಸ್ತಿಲವರೆಗೆ ಬಂದು ನಿಂತರು. ಒಳಗಿನಿಂದ ಎಡಾ ಬಲಾ ಬರಲಿಲ್ಲ. ಹೊತ್ತು ಮುಳುಗುವ ತನಕ ಅವರು ಅಲ್ಲಿಯೇ ನಿಂತಿದ್ದರು. ದಾರಿಯಲ್ಲಿ ಹೋದವರೆಲ್ಲ, "ಆರಾಮ ಏನ್ರಿ ಮಾಸ್ತರ? ಫರಕ ಐತ್ರಿ?" ಎಂದು ಕೇಳಿಕೊಂಡು ಹೋದರು.

ವಿಡಿಯೋ ಅಳಿಸು ಎಂದು ದುಂಡೇಶನಿಗೆ ಫೋನು ಮಾಡಿದಾಗ ಅವನು, "ಮಾಮಾ, ನನ್ನ ಮೊಬೈಲದಾಗಿಂದ ಅಳಿಸಿದ್ರ ಏನಾಗತೈತ್ರಿ? ಸೊಲ್ಲಾಪುರದ ಮಟ ಹೋಗೇತಿ. ಈಗ ಅದು ನನ್ನ ಕೈಯಾಗೂ ಇಲ್ಲ, ನಿಮ್ಮ ಕೈಯಾಗೂ ಇಲ್ಲ," ಅಂದ. ಮಾಸ್ತರರು ತಮ್ಮ ಕೈ ನೋಡಿಕೊಂಡರು. ಅದು ಕುಣಿಯುತ್ತಿತ್ತು.

ಮಾಯಪ್ಪನನ್ನು ಮನೆಗೆ ತಂದ ಮೇಲೆ ಮಾತಾಡಿಸಲು ಹೋದರು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದರು: ನಾ ಗುಳಿಗಿ ಬಿಟ್ಟಿದ್ದಿಲ್ಲ, ನಾ ಗುಳಿಗಿ ಬಿಟ್ಟಿದ್ದಿಲ್ಲ. ಮಾಯಪ್ಪ ಮಂಚದ ಮೇಲೆ ಅಂಗಾತ ಮಲಗಿದ್ದ. ಡಾಕ್ಟರರು ಗುಳಿಗೆ ಮತ್ತೆ ಸುರು ಮಾಡಿದ್ದರು. ಮಾತು ಬಾವಿಯ ತಳದಿಂದ ಒಂದೊಂದೇ ಬರುತ್ತಿತ್ತು. ಮಾಸ್ತರರನ್ನು ನೋಡಿ ಏಳಲು ಹೋದ, ಆಗಲಿಲ್ಲ.

"ಮಾಸ್ತರ್ರ..." ಅಂದ. ಮನೆಗೆ ಬಂದ ದೊಡ್ಡವರ ಮನಸ್ಸು ನೋಯಬಾರದಲ್ಲ? "ಫರಕ... ಐತ್ರಿ."

ಬಾಯಿಪಾಠವಾಗಿದ್ದ ಮಾತು ಮಾಸ್ತರರ ಗಂಟಲಲ್ಲಿ ಪಾರ್ಕಿಂಗ್ ಆಯಿತು. ಶೇವಂತಾ ಚಹ ಮಾಡಿ ಬಸಿಯಲ್ಲಿ ಹಾಕಿ ಕೊಟ್ಟಳು. ಮೂರೇ ಗುಟುಕು ಹಾಕಿದ್ದಳು. ಬೈಯುತ್ತಾಳೆಂದು ಮಾಸ್ತರರು ಕಾದರು. ಅವಳು ಬೈಯಲಿಲ್ಲ. ಅವರು ಚಹ ಅರ್ಧ ಕುಡಿದು ಅರ್ಧ ಚೆಲ್ಲಿಕೊಂಡು ಎದ್ದು ಬಂದರು.

ಇಷ್ಟರಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ಫೆಬ್ರುವರಿ ಅರ್ಧ ಕಳೆದರೂ ಪೆನ್ಶನ್ ಬಂದಿರಲಿಲ್ಲ. ಸಂಜಯ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಂದು ಹೇಳಿದ: "ಅಪ್ಪಾ, ಬ್ಯಾಂಕಿನ ಲೆಕ್ಕದಾಗ ನೀವು ಸದ್ಯಕ್ಕ ಹಯಾತ ಇಲ್ಲಂತ."

ಕಾಳವ್ವ ಕುಂಕುಮದ ಬಟ್ಟಲು ಹಿಡಿದುಕೊಂಡೇ ಹೊರಗೆ ಬಂದಳು. "ಹಂಗಂತ ಯಾರ ಬರದಾರ?"

"ಯಾರೂ ಬರದಿಲ್ಲ ಅವ್ವಾ. ಇದ್ದಾರಂತ ಬರದಿಲ್ಲ, ಅಷ್ಟ."

ತಮ್ಮದೇ ಮರಣದ ಸುದ್ದಿಗೆ ಮಾಸ್ತರರು ಅಷ್ಟೇನೂ ಗಾಬರಿಯಾದಂತೆ ಕಾಣಲಿಲ್ಲ. ಅಂಗಿ ಹಾಕಿಕೊಂಡು ಸಂಜಯನ ಬೈಕು ಹತ್ತಿದರು.

"ಅಹೋ ಗುರುಜಿ!" ಎಂದಳು ಪ್ರಾಜಕ್ತಾ. "ನಾಳಿ ಬರ್ರಿ ಅಂದ್ನಿ, ಮೂರ ತಿಂಗಳಿಗೆ ಬಂದ್ರಿ?"

"ನೀವು ಭಾಳ ಫರಕ ಐತಿ ಅಂದ್ರಿ ಬಾಯಾರ."

"ಹೋ, ಸಹಿದಾಗ! ಸಹಿ ಕೂಡವಲ್ದು, ಫರಕ ಐತಿ, ಚಾಲತ್ ನಾಹಿ, ನಡಿಯಂಗಿಲ್ಲ, ಹಂಗ ಹೇಳಿದ್ನಿ." ಅವಳು ಕಂಪ್ಯೂಟರನ್ನು ತಿರುಗಿಸಿ ಹಳೆಯ ಸಹಿ ತೋರಿಸಿದಳು. ಪೇಟ ಸುತ್ತಿದ 'ಮು', ಹಾವಿನಂತೆ ಹರಿದ ಒತ್ತು. ಅದರ ಪಕ್ಕದಲ್ಲಿ ನವೆಂಬರಿನ ಕಾಗದ ಹಿಡಿದಳು. ಒಂದು ಇರುವೆಯ ಸಾಲು. "ಇದು ನೀವು, ಇದು ಯಾರು?"

ಮಾಸ್ತರರು ಎರಡನ್ನೂ ನೋಡಿದರು. ಸಾಲಿನಲ್ಲಿ ನಿಂತವರೆಲ್ಲ ಕತ್ತು ಚಾಚಿ ನೋಡಿದರು. ನವೆಂಬರಿನಲ್ಲಿ ಫರಕಿನ ಕೂಗು ಕೇಳಿದ್ದವರೂ ಅವರಲ್ಲಿದ್ದರು. ಯಾರೂ ನಗಲಿಲ್ಲ. ಅದು ಹೆಚ್ಚು ಕಷ್ಟವಾಯಿತು.

ಪ್ರಾಜಕ್ತಾ ಬೆರಳು ಇಡುವ ಯಂತ್ರ ಮುಂದೆ ಸರಿಸಿದಳು. ನಡುಗುವ ಬೆರಳು ಯಂತ್ರಕ್ಕೆ ತಿಳಿಯಲಿಲ್ಲ. ನಾಲ್ಕು ಸಲ ಕೆಂಪು ದೀಪ ಹತ್ತಿತು. "ಆತಾ ಒಂದ ದಾರಿ ಗುರುಜಿ," ಎಂದು ಅವಳು ಮಸಿಯ ಡಬ್ಬಿ ತೆರೆದಳು. "ಎಡಗೈ ಹೆಬ್ಬಟ್ಟು. ಇಬ್ಬರು ಸಾಕ್ಷಿ ಸಹಿ ಮಾಡಬೇಕು. ಒಬ್ಬರು ಬಾಜೂಕ ನಿಮ್ಮ ಹೆಸರು ಬರದ, ಇವರದ ಹೆಬ್ಬಟ್ಟು ಅಂತ ಬರೀಬೇಕು."

ಮಸಿಯ ಡಬ್ಬಿ ನೋಡುತ್ತ ಮಾಸ್ತರರು ನಿಂತರು. ಮೂವತ್ತು ವರ್ಷದಿಂದ ಊರಿನಿಂದ ಹೊರಗಿಟ್ಟಿದ್ದ ಡಬ್ಬಿ. ಸಂಜಯ ಬೇರೆ ಕಡೆ ನೋಡುತ್ತ ಒಂದು ಸಾಕ್ಷಿಯ ಸಹಿ ಹಾಕಿದ. ಅವನದು ಕಾಲೇಜಿನ ಸಹಿ, ಎರಡು ಗೀಟು ಮತ್ತು ಒಂದು ಚುಕ್ಕೆ, ಇಂಗ್ಲೀಷೋ ಕನ್ನಡವೋ ತಿಳಿಯುತ್ತಿರಲಿಲ್ಲ.

"ಇನ್ನೊಬ್ಬರು? ಇಥೆ, ಇಲ್ಲೆ ಖಾತಾ ಇದ್ದವ್ರು ಯಾರರೆ?"

ಸಾಲಿನ ಹಿಂದಿನಿಂದ ಮಂದಿ ದಾರಿ ಬಿಟ್ಟರು. ಪಾಸಬುಕ್ಕು ಸೆರಗಿನಲ್ಲಿ ಸುತ್ತಿಕೊಂಡು ಶೇವಂತಾ ಮುಂದೆ ಬಂದಳು.

ಮಾಸ್ತರರ ಬಾಯಿಪಾಠ ಆಗ ತಾನಾಗಿಯೇ ಹೊರಗೆ ಬಿತ್ತು. ಎಷ್ಟು ಜೋರಾಗಿ ಬಿತ್ತೆಂದರೆ ಕ್ಯಾಶಿನ ಕಿಟಕಿಯವನೂ ಎಣಿಸುವುದನ್ನು ನಿಲ್ಲಿಸಿದ. "ಶೇವಂತಾ, ನಾ ಗುಳಿಗಿ ಬಿಟ್ಟಿದ್ದಿಲ್ಲ. ನನಗ ಗೊತ್ತಿಲ್ಲದ ಕಾಳವ್ವ ಹಾಕತಿದ್ಲು. ವಿಡಿಯೋದಾಗ ಹೇಳಿದ್ದ ಎಲ್ಲಾ ಸುಳ್ಳು. ಮಾಯಪ್ಪ ಬಿದ್ದದ್ದು ನನ್ನ ಮಾತಿಂದ."

"ಗೊತ್ತೈತ್ರಿ," ಅಂದಳು ಶೇವಂತಾ.

"ಗೊತ್ತೈತಿ?"

"ಅವ್ರ ಬಿದ್ದ ಮರುದಿವಸ ಕಾಳವ್ವಾರು ಮಿರಜಕ್ಕ ಬಂದಿದ್ರು. ದವಾಖಾನಿ ಪಾವಟಿಗಿ ಮ್ಯಾಲ ಕುಂತ ಎಲ್ಲಾ ಹೇಳಿ ಅತ್ತ ಹೋದ್ರು." ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. "ನೀವು ಬಂದ ಹೇಳತೀರಿ ಅಂತ ನೋಡಿದ್ನಿ. ಚಾ ಕುಡದ ಹೋದ್ರಿ." ಆಮೇಲೆ ಪ್ರಾಜಕ್ತಾಳ ಕಡೆ ತಿರುಗಿದಳು. "ಎಲ್ಲೆ ಬರೀಬೇಕ್ರಿ ಬಾಯಾರ?"

ಮಾಸ್ತರರು ಎಡಗೈ ಹೆಬ್ಬೆರಳನ್ನು ಮಸಿಗೆ ಒತ್ತಿದರು. ಸಂಜಯ ಮಣಿಕಟ್ಟು ಹಿಡಿದು ಕಾಗದದ ಮೇಲೆ ಇಡಿಸಿದ. ಅಲುಗಿದ ಹೆಬ್ಬಟ್ಟು, ಒಂದರ ಮೇಲೊಂದು ಎರಡು ಬಿದ್ದಂತೆ ಬಿತ್ತು.

ಶೇವಂತಾ ಪೆನ್ನು ಹಿಡಿದಳು. ಸಾಕ್ಷಿಯ ಜಾಗದಲ್ಲಿ ತನ್ನ ಹೆಸರನ್ನು ಒಂದೊಂದೇ ಅಕ್ಷರ ತಡವರಿಸಿ ಬರೆದಳು. ಆದರೆ ಹೆಬ್ಬಟ್ಟಿನ ಪಕ್ಕದಲ್ಲಿ ಮಾಸ್ತರರ ಹೆಸರು ಬರೆಯುವಾಗ ಕೈ ತಡೆಯಲಿಲ್ಲ. ತನ್ನ ಹೆಸರಿಗಿಂತ ಮೊದಲು ಕಲಿತ ಹೆಸರು ಅದು. ಪೇಟ ಸುತ್ತಿದ 'ಮು' ಬಂದು ಕೂತಿತು. ಅದರ ಹಿಂದೆ 'ರ', 'ಗೆ' ಬಂದವು. ಕೊನೆಯ ಒತ್ತು ಹಿಂದಕ್ಕೆ ಹೊರಳಿ, ಇಡೀ ಹೆಸರಿನ ಕೆಳಗೆ ಹರಿದು, 'ಮು'ವಿನ ಕಾಲಿಗೆ ಹೋಗಿ ಮುಟ್ಟಿತು.

ಪ್ರಾಜಕ್ತಾ ಕಾಗದ ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಕಾಗದ ನೋಡಿದಳು.

"ಅಹೋ," ಅಂದಳು ಮೆಲ್ಲಗೆ, "ಇದರಾಗ ಕಾಹೀ ಫರಕ ಇಲ್ಲ."

ಠಸ್ಸೆ ಬಿತ್ತು. ಮಾಸ್ತರರು ಹಯಾತ ಆದರು.

ಹೊರಗೆ ಹೋಗುವಾಗ ಬ್ಯಾಂಕಿನ ಬಾಗಿಲಲ್ಲಿ ಅವರ ಕಾಲು ನಿಂತವು. ಸಂಜಯ ಬೈಕು ತರಲು ಮುಂದೆ ಹೋಗಿದ್ದ. ಹಿಂದೆ ಮಂದಿ ಸೇರಿದರು. ಎಲ್ಲರಿಗಿಂತ ಮುಂದೆ ಶೇವಂತಾ ಇದ್ದಳು.

"ಬಾಜೂಕ ಸರೀರಿ ಮಾಸ್ತರ್ರ. ಅವ್ರಿಗೆ ಗುಳಿಗಿ ಕೊಡೂ ಹೊತ್ತಾತು."

ಮಾಸ್ತರರು ಸರಿಯಲು ನೋಡಿದರು. ಹೆಬ್ಬೆರಳಿನ ಮಸಿ ಧೋತರಕ್ಕೆ ಹತ್ತಿತೇ ಹೊರತು ಕಾಲು ಏಳಲಿಲ್ಲ. ಶೇವಂತಾ ಹಿಂದೆ ನಿಂತು ಸ್ವಲ್ಪ ಹೊತ್ತು ಕಾದಳು. ಅವಳ ಮನೆಯಲ್ಲಿಯೂ ಒಂದು ಹೊಸ್ತಿಲಿತ್ತು. ಅದನ್ನು ದಾಟುವ ಕಾಲು ಈಗ ಮಂಚದ ಮೇಲಿತ್ತು.

"ಎಡಾ," ಅಂದಳು.

ಕಾಲು ಎದ್ದಿತು.